ಬಿಡುಗಡೆಯ ಬೆಲೆ ತೆರುವವರು ಯಾರು?

ಹುಬ್ಬಳ್ಳಿಯ ಯಾವುದಾದರೊಂದು ಶಾದಿ ಮಹಲ್‌ನಲ್ಲಿ ನಿಕಾಹ್ ನಡೆಯುವಾಗ ಕಾಜಿಯವರ ಪಕ್ಕದಲ್ಲೇ ಕುಳಿತು ನೋಡಿ. ಊಟಕ್ಕೆ ಬಿರಿಯಾನಿಯೋ ಪಲಾವೋ ಎಂಬ ಬಗ್ಗೆ ಎರಡೂ ಮನೆಯವರು ಎರಡು ಸಂಜೆ ಚರ್ಚಿಸಿರುತ್ತಾರೆ. ಜೋಡೆಯ ಹಣ ಎಷ್ಟು, ಗಾಡಿ ಯಾವ ಕಂಪೆನಿಯದು, ಮಂಚದ ಜೊತೆ ಬೀರುವೂ ಬರುತ್ತದೆಯೇ ಎಂಬುದಕ್ಕೆ ವಾರಗಟ್ಟಲೆ ಮಾತುಕತೆ ನಡೆದಿರುತ್ತದೆ. ಕೊನೆಗೆ ಕಾಜಿಯವರು ದಫ್ತರ ಬಿಚ್ಚಿ ಮಹ್ರ್ ಎಷ್ಟೆಂದು ಕೇಳಿದಾಗ ಮಾತ್ರ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ. "ಅವರಕ್ಕಗ ಎಷ್ಟು ಬರಸಿದ್ವಿ? ಅಷ್ಟ ಬರೀರಿ" ಎಂದು ಯಾರೋ ಹಿರಿಯರು ಹೇಳುತ್ತಾರೆ. ಐದು ಸಾವಿರದ ಒಂದೋ, ಹನ್ನೊಂದು ಸಾವಿರವೋ ಬರೆದಾಗುತ್ತದೆ. ಅದರಲ್ಲೂ ಅರ್ಧ ‘ಆಮೇಲೆ’. ಇಡೀ ಮದುವೆಯ ಖರ್ಚುವೆಚ್ಚದಲ್ಲಿ ವಧುವಿನ ಸ್ವಂತದ್ದೆಂದು ಹೇಳಬಹುದಾದ ಹಣ ಅದೊಂದೇ. ಅದು ನಿಷ್ಕರ್ಷೆಯಾಗುವುದು ಅರ್ಧ ನಿಮಿಷದಲ್ಲಿ.

ಇದನ್ನು ಆಡಿ ತೋರಿಸಿದರೆ ಹಿರಿಯರಿಗೆ ಬೇಸರವಾಗುತ್ತದೆ. ಶುಭಕಾರ್ಯದ ಹೊತ್ತಿನಲ್ಲಿ ಮುರಿಯುವ ಮಾತೇಕೆ ಎನ್ನುತ್ತಾರೆ. ಪಕ್ಕದ ಓಣಿಯ ಲಿಂಗಾಯತರ, ಬ್ರಾಹ್ಮಣರ ಮನೆಗಳಲ್ಲೂ ಇದೇ ಮಾತು. ಅಲ್ಲಿ ವರೋಪಚಾರದ ಪಟ್ಟಿ ಉದ್ದವಾಗಿರುತ್ತದೆ, ಆದರೆ ಹಾಕಿದ ಬಂಗಾರ ನಾಳೆ ಯಾರ ಕಪಾಟಿನಲ್ಲಿರಬೇಕು, ಅದರ ಪಾವತಿ ಯಾರ ಹೆಸರಿನಲ್ಲಿರಬೇಕು ಎಂದು ಯಾರೂ ಕೇಳುವುದಿಲ್ಲ. ಕೇಳಿದವಳು ಬಾಯಿಬಡುಕಿ. ಎಲ್ಲ ಧರ್ಮದವರೂ ಸೇರಿ ಒಪ್ಪಿಕೊಂಡಿರುವ ಕೆಲವೇ ಸಂಗತಿಗಳಲ್ಲಿ ಇದೂ ಒಂದು.

ಆದರೆ ವಿಚ್ಛೇದನದ ಕಾನೂನು ಮದುವೆ ಮುರಿಯುವ ದಿನದಿಂದ ಕೆಲಸ ಆರಂಭಿಸುತ್ತದೆ ಎಂದು ನಾವು ತಿಳಿದಿರುವುದು ತಪ್ಪು. ಅದು ಆರಂಭಿಸುವುದು ನಿಕಾಹ್‌ನ ದಿನ, ಅಕ್ಷತೆಯ ದಿನ. ಬಿಟ್ಟು ಹೋದರೆ ನನಗೇನು ಖರ್ಚು, ಬಿಡಿಸಿಕೊಂಡರೆ ನನಗೇನು ಉಳಿಯುತ್ತದೆ ಎಂಬ ಎರಡು ಲೆಕ್ಕಗಳು ಯಾರೂ ಬಾಯಿಬಿಟ್ಟು ಹೇಳದೆ ಮನೆಯೊಳಗೆ ಓಡಾಡುತ್ತಿರುತ್ತವೆ. ಹೆಂಡತಿ ನೌಕರಿ ಬಿಡಬೇಕೇ, ಜಾಗ ಯಾರ ಹೆಸರಿನಲ್ಲಿ ಕೊಳ್ಳಬೇಕು, ಇನ್ನೊಂದು ಮಗು ಬೇಕೇ, ತವರಿನ ಪಾಲನ್ನು ಅಣ್ಣಂದಿರಿಗೆ ಬಿಟ್ಟುಕೊಡಬೇಕೇ, ಇವೆಲ್ಲವೂ ಆ ಲೆಕ್ಕದ ಮೇಲೆಯೇ ತೀರ್ಮಾನವಾಗುತ್ತವೆ. ಒಮ್ಮೆಯೂ ವಿಚ್ಛೇದನದ ಮಾತೆತ್ತದೆ ಐವತ್ತು ವರ್ಷ ಬಾಳಿದ ದಂಪತಿಗಳ ಮನೆಯಲ್ಲೂ ಇದು ನಡೆದಿರುತ್ತದೆ.

ಧಾರವಾಡದ ಬ್ಯಾಂಕೊಂದರಲ್ಲಿ ಕೆಲಸ ಮಾಡುವ ಹೆಣ್ಣುಮಗಳೊಬ್ಬಳಿಗೆ ಮಗು ಹುಟ್ಟಿದಾಗ ಗಂಡ ನೌಕರಿ ಬಿಡಲು ಹೇಳಿದನಂತೆ. ಗಂಡ ಕೆಟ್ಟವನಲ್ಲ, ಸಂಬಳವೂ ಚೆನ್ನಾಗಿತ್ತು. ಆಕೆಯ ತಾಯಿ ಮಾತ್ರ ಒಂದೇ ಮಾತು ಹೇಳಿದರು: "ನೌಕರಿ ಬಿಟ್ಟು ಗಿಟ್ಟೀಯವಾ ಮತ್ತ. ಕೂಸಿನ್ನ ನಾ ನೋಡ್ಕೋತೀನಿ." ಆ ತಾಯಿಗೆ ಅಳಿಯನ ಮೇಲೆ ಸಂಶಯವಿರಲಿಲ್ಲ. ನಾಳೆ ಏನಾದರೂ ಆದರೆ ಹತ್ತು ವರ್ಷದ ಅಡುಗೆಮನೆ ಚಾಕರಿಗೆ ಯಾವ ಕೋರ್ಟೂ ತಕ್ಕ ಬೆಲೆ ಕಟ್ಟುವುದಿಲ್ಲವೆಂಬುದು ಮಾತ್ರ ಗೊತ್ತಿತ್ತು. ನಮ್ಮ ಕೌಟುಂಬಿಕ ಕಾನೂನನ್ನು ಅವರು ಓದಿರಲಿಲ್ಲ, ಆದರೆ ಅದರ ಸಾರ ಅವರಿಗೆ ತಿಳಿದಿತ್ತು. ನಮ್ಮ ದೇಶದಲ್ಲಿ ಮದುವೆಯ ನಂತರ ಇಬ್ಬರೂ ಸೇರಿ ಕಟ್ಟಿದ ಆಸ್ತಿ ಇಬ್ಬರದೂ ಎಂಬ ಸಾಮಾನ್ಯ ನಿಯಮವಿಲ್ಲ. ಯಾರ ಹೆಸರಿನಲ್ಲಿದೆಯೋ ಅದು ಅವರದು. ಉಳಿದವರು ಜೀವನಾಂಶ ಬೇಡಬೇಕು.

ಈಗ ಹಳೇ ಹುಬ್ಬಳ್ಳಿಗೆ ಬನ್ನಿ. ಅಲ್ಲಿ ನಮಗೆ ಪರಿಚಯದ ಒಬ್ಬ ಆಪಾ ಇದ್ದಾರೆ. ಸೀರೆಗೆ ಫಾಲ್ ಹಚ್ಚುವುದು, ಬ್ಲೌಸ್ ಹೊಲಿಯುವುದು ಅವರ ಕೆಲಸ. ಗಂಡ ಗೋವಾಕ್ಕೆ ಕೆಲಸಕ್ಕೆಂದು ಹೋದ. ಮೊದಲು ತಿಂಗಳಿಗೊಮ್ಮೆ ಬರುತ್ತಿದ್ದ, ಆಮೇಲೆ ಎರಡು ಈದ್‌ಗಳಿಗೆ ಮಾತ್ರ, ಆಮೇಲೆ ಅದೂ ಇಲ್ಲ. ಅಲ್ಲೇ ಇನ್ನೊಂದು ಸಂಸಾರ ಮಾಡಿಕೊಂಡಿದ್ದಾನೆ. ತಲಾಕ್ ಹೇಳಿಲ್ಲ, ಖರ್ಚಿಗೆ ಕೊಡುವುದೂ ಇಲ್ಲ. "ಖುಲಾ ಕೇಳಬಹುದಲ್ಲ?" ಎಂದು ನಾವು ಕೇಳಿದೆವು. ಮಷಿನ್ ನಿಲ್ಲಿಸದೆಯೇ ಉತ್ತರಿಸಿದರು: "ಕೇಳಿದ್ರ ಹಾಕಿದ್ದ ಎರಡು ತೊಲಿ ವಾಪಸ್ ಕೊಡು ಅಂತಾನ್ರಿ. ಅದು ಎಂದೋ ಮಗಳ ಫೀಜಿಗೆ ಹೋತು." ಹಾಗಾದರೆ ಕೋರ್ಟು? ಪ್ರತಿ ತಾರೀಕಿಗೂ ಒಂದು ದಿನದ ಹೊಲಿಗೆ ಹೋಗುತ್ತದೆ. ವಕೀಲರ ಫೀಜು ಬೇರೆ. ಅದೆಲ್ಲ ಇರಲಿ ಎಂದು ಮೇಲೊಂದು ಮಾತು ಸೇರಿಸಿದರು: "ಹೆಸರಿಗರೆ ಗಂಡ ಅದಾನಲ್ರಿ. ನಾಳೆ ಮಗಳಿಗೆ ಕೇಳಾಕ ಬಂದವ್ರು ಅಪ್ಪ ಎಲ್ಲಿ ಅಂದ್ರ ಗೋವಾದಾಗ ಅಂತ ಹೇಳಬಹುದು."

ಆ ಆಪಾ ಹದಿನಾಲ್ಕು ವರ್ಷಗಳಿಂದ ಮಾಡುತ್ತ ಬಂದಿರುವ ಪ್ರತಿಯೊಂದು ತೀರ್ಮಾನವನ್ನೂ ಈ ಲೆಕ್ಕದಲ್ಲಿಟ್ಟು ನೋಡಬೇಕು. ಮಗಳನ್ನು ಪಿಯುಸಿವರೆಗೆ ಓದಿಸಿದ್ದು, ಮಗನನ್ನು ಬೇಗ ಗ್ಯಾರೇಜಿಗೆ ಹಾಕಿದ್ದು, ಬಾಡಿಗೆ ಮನೆ ಬದಲಾಯಿಸುವಾಗಲೆಲ್ಲ ಕರಾರುಪತ್ರಕ್ಕೆ ತಮ್ಮನ ಸಹಿ ಹಾಕಿಸಿದ್ದು. ರೇಷನ್ ಕಾರ್ಡಿನಲ್ಲಿ ಆಕೆಯ ಹೆಸರು ಬಹಳ ದಿನ ಅತ್ತೆಯ ಮನೆಯ ಕಾರ್ಡಿನಲ್ಲೇ ಉಳಿದಿತ್ತು. 2023ರ ಆಗಸ್ಟ್‌ನಲ್ಲಿ ಗೃಹಲಕ್ಷ್ಮಿ ಯೋಜನೆಯ ಎರಡು ಸಾವಿರ ರೂಪಾಯಿ ಆರಂಭವಾದಾಗ ಆ ಮನೆಯ ‘ಯಜಮಾನಿ’ ಎಂದು ಹಣ ಪಡೆದದ್ದು ಅತ್ತೆ. ಇಲ್ಲಿ ಸ್ವಂತ ದುಡಿಮೆಯಿಂದ ಮನೆ ನಡೆಸುತ್ತಿದ್ದವಳು ಸರಕಾರದ ಕಣ್ಣಿಗೆ ಇನ್ನೊಬ್ಬರ ಮನೆಯ ಸದಸ್ಯೆ.

ಇಂಥ ಸ್ಥಿತಿಗೆ ಕುರ್‌ಆನ್ ಒಂದು ಪದ ಬಳಸಿದೆ. ‘ಅನ್ನಿಸಾ’ ಅಧ್ಯಾಯದ 129ನೇ ಸೂಕ್ತದಲ್ಲಿ ಒಬ್ಬಳ ಕಡೆಗೇ ಪೂರ್ತಿ ವಾಲಿ ಇನ್ನೊಬ್ಬಳನ್ನು ‘ಮುಅಲ್ಲಕಾ’ ಆಗಿ ಬಿಡಬಾರದೆಂದು ಪುರುಷರಿಗೆ ಎಚ್ಚರಿಕೆ ಇದೆ. ಮುಅಲ್ಲಕಾ ಎಂದರೆ ತೂಗುಹಾಕಲ್ಪಟ್ಟವಳು. ಅತ್ತ ಹೆಂಡತಿಯೂ ಅಲ್ಲ, ಇತ್ತ ಬಿಡುಗಡೆಯಾದವಳೂ ಅಲ್ಲ. ‘ಅಲ್ ಬಕರಾ’ ಅಧ್ಯಾಯವು ಇದನ್ನೇ ಇನ್ನೊಂದು ಬದಿಯಿಂದ ಹೇಳುತ್ತದೆ. ಇಟ್ಟುಕೊಂಡರೆ ಮರ್ಯಾದೆಯಿಂದ ಇಟ್ಟುಕೊಳ್ಳಬೇಕು, ಬಿಟ್ಟರೆ ಸೌಜನ್ಯದಿಂದ ಬಿಡಬೇಕು, ಪೀಡಿಸಲೆಂದು ಹಿಡಿದಿಟ್ಟುಕೊಳ್ಳುವುದು ಸಲ್ಲದು. ಅಂದರೆ ಧರ್ಮದ ದೃಷ್ಟಿಯಲ್ಲಿ ತಲಾಕ್‌ಗಿಂತಲೂ ದೊಡ್ಡ ಅನ್ಯಾಯ ಒಂದಿದೆ. ತಲಾಕ್ ಕುರಿತು ಈ ದೇಶದಲ್ಲಿ ಎಷ್ಟು ಶಾಯಿ ಖರ್ಚಾಗಿದೆಯೋ ಅದರ ನೂರರಲ್ಲೊಂದು ಪಾಲೂ ಆ ಅನ್ಯಾಯಕ್ಕೆ ಖರ್ಚಾಗಿಲ್ಲ.

ತೂಗುಹಾಕಲ್ಪಟ್ಟವರು ಮುಸ್ಲಿಮರಲ್ಲಿ ಮಾತ್ರ ಇದ್ದಾರೆಂದು ಭಾವಿಸಬಾರದು. 2011ರ ಜನಗಣತಿಯಂತೆ ದೇಶದಲ್ಲಿ ವಿಚ್ಛೇದಿತರೆಂದು ಬರೆಸಿಕೊಂಡವರು ಸುಮಾರು 13.6 ಲಕ್ಷ. ‘ಬೇರೆಯಾಗಿರುವವರು’ ಎಂದು ಬರೆಸಿಕೊಂಡವರ ಸಂಖ್ಯೆ ಅದರ ಸುಮಾರು ಮೂರು ಪಟ್ಟು. ನಮ್ಮಲ್ಲಿ ವಿಚ್ಛೇದನ ಕಡಿಮೆ, ಆದ್ದರಿಂದ ನಮ್ಮ ಕುಟುಂಬಗಳು ಗಟ್ಟಿ ಎಂದು ವೇದಿಕೆಗಳ ಮೇಲೆ ಎದೆಯುಬ್ಬಿಸಿ ಹೇಳುತ್ತೇವೆ. ಈ ಎರಡನೆಯ ಅಂಕಿಯನ್ನು ಪಕ್ಕದಲ್ಲಿಟ್ಟರೆ ಆ ಹೆಮ್ಮೆ ಉಳಿಯುವುದಿಲ್ಲ. ಮುರಿದ ಮನೆಗಳು ಇಲ್ಲೂ ಇವೆ. ಮುರಿದಿದೆ ಎಂದು ಬರೆಸುವ ಖರ್ಚು ಭರಿಸಲಾಗದೆ ಉಳಿದಿವೆ ಅಷ್ಟೆ.

ಬೆಲೆ ಬದಲಾದರೆ ನಡವಳಿಕೆ ಬದಲಾಗುತ್ತದೆ ಎಂಬುದನ್ನು ನಮ್ಮ ಹಿರಿಯರು ಅರಿಯದವರಲ್ಲ. ಈ ಭಾಗದ ಅನೇಕ ದುಡಿಯುವ ಜಾತಿಗಳಲ್ಲಿ ಹಿಂದೆ ತೆರ ಕೊಟ್ಟು ಹೆಣ್ಣು ತರುತ್ತಿದ್ದರು. ಬಾಳುವೆ ಸರಿಬರದಿದ್ದರೆ ಪಂಚರ ಮುಂದೆ ಸೋಡಚೀಟಿ ಆಗುತ್ತಿತ್ತು. ಆಮೇಲೆ ಹೆಣ್ಣು ಉಡಕಿಯಾಗಿ ಇನ್ನೊಂದು ಮನೆಗೆ ಹೋಗಬಹುದಿತ್ತು. ಎಲ್ಲವೂ ಚೆನ್ನಾಗಿತ್ತೆಂದು ಹೇಳುವ ಉದ್ದೇಶ ನಮಗಿಲ್ಲ. ಉಡಕಿಯಾದವಳನ್ನು ಶುಭಕಾರ್ಯದಲ್ಲಿ ಮುಂದೆ ನಿಲ್ಲಿಸುತ್ತಿರಲಿಲ್ಲ. ಆದರೂ ಬಾಗಿಲು ಇತ್ತು, ಅದರ ಖರ್ಚು ಎಷ್ಟೆಂದು ಎಲ್ಲರಿಗೂ ಮೊದಲೇ ಗೊತ್ತಿತ್ತು. ಮೇಲ್ಜಾತಿಯ ಹೆಣ್ಣಿಗೆ ಬಾಗಿಲೇ ಇರಲಿಲ್ಲ. ಆಗ ಮುಂಬಯಿ ಪ್ರಾಂತ್ಯದಲ್ಲಿದ್ದ ಧಾರವಾಡ ಜಿಲ್ಲೆಗೆ 1947ರ ಮುಂಬಯಿ ಹಿಂದೂ ವಿಚ್ಛೇದನ ಕಾಯ್ದೆಯಿಂದ ಅದು ಒದಗಿತು. ದೇಶದ ಉಳಿದ ಬಹುಭಾಗ 1955ರ ಹಿಂದೂ ವಿವಾಹ ಕಾಯ್ದೆಯವರೆಗೆ ಕಾಯಬೇಕಾಯಿತು. ಆ ಕಾಯ್ದೆಯೂ ರೂಢಿಯ ಸೋಡಚೀಟಿಯನ್ನು ಅಳಿಸಿಹಾಕಲಿಲ್ಲ. ರೂಢಿ ಇದೆಯೆಂದು ಸಾಬೀತಾದರೆ ಇಂದಿಗೂ ಅದಕ್ಕೆ ಮಾನ್ಯತೆ ಇದೆ.

ಮುಸ್ಲಿಮರ ಚರಿತ್ರೆಯಲ್ಲಿ ಇದಕ್ಕಿಂತ ತೀಕ್ಷ್ಣವಾದ ಉದಾಹರಣೆ ಇದೆ. ಬ್ರಿಟಿಷರ ಕಾಲದಲ್ಲಿ ಕೋರ್ಟುಗಳು ಅನುಸರಿಸುತ್ತಿದ್ದ ಹನಫಿ ಕಾನೂನಿನಂತೆ, ಗಂಡ ಕಾಣೆಯಾಗಲಿ, ಅನ್ನ ಹಾಕದಿರಲಿ, ಹೊಡೆಯಲಿ, ಹೆಣ್ಣು ಕೋರ್ಟಿನಿಂದ ಬಿಡುಗಡೆ ಪಡೆಯುವುದು ಅಸಾಧ್ಯವೆಂಬಂತಿತ್ತು. ಒಂದು ದಾರಿ ಮಾತ್ರ ತೆರೆದಿತ್ತು. ಧರ್ಮ ತ್ಯಜಿಸಿದರೆ ನಿಕಾಹ್ ತಾನಾಗಿ ಮುರಿಯುತ್ತಿತ್ತು. ಪಂಜಾಬಿನಲ್ಲಿ ಗಂಡಂದಿರಿಂದ ಬಿಡಿಸಿಕೊಳ್ಳಲಿಕ್ಕೆಂದೇ ಹೆಣ್ಣುಮಕ್ಕಳು ಈ ದಾರಿ ಹಿಡಿದರು. ಕವಿ ಇಕ್ಬಾಲ್ ತಮ್ಮ ಉಪನ್ಯಾಸದಲ್ಲಿ ಇದನ್ನೆತ್ತಿ ಸಮುದಾಯವನ್ನು ಕೇಳಿದರು. ಮೌಲಾನಾ ಅಶ್ರಫ್ ಅಲಿ ಥಾನವಿಯವರು 1930ರ ದಶಕದಲ್ಲಿ ಮಾಲಿಕಿ ಪಂಥದ ವಿದ್ವಾಂಸರ ಅಭಿಪ್ರಾಯ ತರಿಸಿ, ಅದರಂತೆ ನಡೆಯಬಹುದೆಂದು ಬರೆದರು. ಆ ಚರ್ಚೆಯಿಂದ ಹುಟ್ಟಿದ್ದು 1939ರ ಮುಸ್ಲಿಮ್ ವಿವಾಹ ವಿಸರ್ಜನಾ ಕಾಯ್ದೆ. ಗಂಡ ನಾಲ್ಕು ವರ್ಷ ಪತ್ತೆಯಿಲ್ಲದಿದ್ದರೆ, ಎರಡು ವರ್ಷ ಖರ್ಚಿಗೆ ಕೊಡದಿದ್ದರೆ, ಕ್ರೂರವಾಗಿ ನಡೆದುಕೊಂಡರೆ, ಹೀಗೆ ಹಲವು ಕಾರಣಗಳಿಗೆ ಹೆಣ್ಣು ಬಿಡುಗಡೆ ಕೇಳಬಹುದಾಯಿತು. ಇಲ್ಲಿ ಗಮನಿಸಬೇಕಾದುದು ಉಲಮಾಗಳ ವಿವೇಕ. ಹೆಣ್ಣುಮಕ್ಕಳ ಈಮಾನ್ ಸಡಿಲವಾಯಿತೆಂದು ಬೈದು ಸುಮ್ಮನಾಗಬಹುದಿತ್ತು. ಬದಲಾಗಿ, ನಾವು ಮುಚ್ಚಿದ ಬಾಗಿಲಿನಿಂದಾಗಿ ಅವರು ಕಿಟಕಿ ಹಾರುತ್ತಿದ್ದಾರೆ ಎಂದು ಗುರುತಿಸಿದರು.

ನಂತರದ ತಲೆಮಾರಿನ ನಾವು ಅಷ್ಟು ವಿವೇಕ ತೋರಿದೆವೇ? 1985ರ ಶಾ ಬಾನು ತೀರ್ಪಿನ ಸುತ್ತ ನಡೆದ ಗದ್ದಲವನ್ನು ನೆನೆಯೋಣ. 1932ರಲ್ಲಿ ಇಂದೋರಿನ ವಕೀಲರೊಬ್ಬರನ್ನು ಮದುವೆಯಾಗಿ, 43 ವರ್ಷ ಬಾಳಿದ ಮೇಲೆ ಮನೆಯಿಂದ ಹೊರಬಿದ್ದ ವೃದ್ಧೆ ಆಕೆ. ಮ್ಯಾಜಿಸ್ಟ್ರೇಟರು ಮಂಜೂರು ಮಾಡಿದ ಜೀವನಾಂಶ ತಿಂಗಳಿಗೆ 25 ರೂಪಾಯಿ. ಹೈಕೋರ್ಟ್ ಅದನ್ನು 179 ರೂಪಾಯಿ 20 ಪೈಸೆಗೆ ಏರಿಸಿತು. ಸುಪ್ರೀಮ್ ಕೋರ್ಟಿನವರೆಗೆ ಹೋದ ಜಗಳ ಈ ಮೊತ್ತದ್ದು. ಶರೀಅತ್‌ನಲ್ಲಿ ಕೋರ್ಟು ಕೈಹಾಕಬಹುದೇ ಎಂದು ನಾವೂ ಬೀದಿಗಿಳಿದು ಕೇಳಿದೆವು. ಆ ಪ್ರಶ್ನೆ ಕೇಳಬಾರದಿತ್ತೆಂದು ಹೇಳುತ್ತಿಲ್ಲ. ಆದರೆ ನಾಲ್ಕು ದಶಕದ ಸಂಸಾರಕ್ಕೆ ಮೂರು ಸಾವಿರ ರೂಪಾಯಿ ಮಹ್ರ್ ಮತ್ತು ಇದ್ದತ್ ಅವಧಿಯ ಖರ್ಚು ಕೊಟ್ಟು ಕೈತೊಳೆದುಕೊಳ್ಳುವುದು ಸೌಜನ್ಯದ ಬೀಳ್ಕೊಡುಗೆಯೇ ಎಂದು ಎಷ್ಟು ಮಸೀದಿಗಳಲ್ಲಿ ಕೇಳಲಾಯಿತು? 1986ರ ಕಾಯ್ದೆ ಬಂತು. 2001ರಲ್ಲಿ ಡ್ಯಾನಿಯಲ್ ಲತೀಫಿ ಪ್ರಕರಣದಲ್ಲಿ ಸುಪ್ರೀಮ್ ಕೋರ್ಟು ಅದೇ ಕಾಯ್ದೆಯ ಮಾತುಗಳನ್ನು ಹಿಡಿದು, ಇದ್ದತ್ ಮುಗಿಯುವುದರೊಳಗೆ ಆಕೆಯ ಮುಂದಿನ ಬಾಳಿಗೆ ಸಾಲುವಷ್ಟು ನ್ಯಾಯಯುತ ಏರ್ಪಾಡು ಮಾಡಬೇಕೆಂದು ಹೇಳಿತು. 2024ರ ಜುಲೈಯಲ್ಲಿ, ಎಲ್ಲರಿಗೂ ಅನ್ವಯಿಸುವ ಜೀವನಾಂಶದ ಕಲಮು ಮುಸ್ಲಿಮ್ ಸ್ತ್ರೀಗೂ ತೆರೆದಿದೆ ಎಂದಿತು. ವಿಚ್ಛೇದಿತೆಯರಿಗೆ ಉಚಿತವಾದ ಕೊಡುಗೆ ನೀಡಬೇಕೆಂಬ ಕುರ್‌ಆನಿನ ಆದೇಶವನ್ನು ನಾವೇ ಮೊದಲು ಜಾರಿಗೆ ತಂದಿದ್ದರೆ ಈ ತೀರ್ಪುಗಳು ನಮಗೆ ಹೊರಗಿನವೆಂದು ತೋರುತ್ತಿರಲಿಲ್ಲ.

ತೀರ್ಪು ಬೇರೆ, ಹಣ ಕೈಗೆ ಬರುವುದು ಬೇರೆ. 2021ರ ಅಕ್ಟೋಬರ್‌ನಲ್ಲಿ ನಮ್ಮ ಹೈಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತರು ಒಂದು ಪ್ರಕರಣದಲ್ಲಿ, ನಿಕಾಹ್ ಒಪ್ಪಂದವಾದರೂ ಅದು ಮುರಿದೊಡನೆ ಎಲ್ಲ ಹೊಣೆಯೂ ಅಳಿದುಹೋಗುವುದಿಲ್ಲ ಎಂಬ ಅರ್ಥದ ತೀರ್ಪು ಕೊಟ್ಟರು. ಬೆಂಗಳೂರಿನ ಆ ಪ್ರಕರಣದಲ್ಲಿ ತಲಾಕ್ ಆದದ್ದು 1991ರಲ್ಲಿ, ಐದು ಸಾವಿರ ರೂಪಾಯಿ ಮಹ್ರ್‌ನೊಂದಿಗೆ. ಜೀವನಾಂಶದ ದಾವೆ 2002ರದು, ತಿಂಗಳಿಗೆ ಮೂರು ಸಾವಿರ ಕೊಡಿಸುವ ಡಿಕ್ರಿ 2011ರದು. ತಲಾಕ್‌ನಿಂದ ಹೈಕೋರ್ಟಿನ ಮಾತಿನವರೆಗೆ 30 ವರ್ಷ. ಗೆದ್ದವಳ ಕಥೆಯೇ ಹೀಗಿರುವಾಗ ದಾವೆಯನ್ನೇ ಹೂಡದವರನ್ನು ಅಂಜುಬುರುಕರೆನ್ನಲು ನಮಗೆ ಬಾಯಿ ಬಾರದು.

ದೂರವೂ ಒಂದು ಬೆಲೆಯೇ. 2008ರ ಜುಲೈಯಲ್ಲಿ ಧಾರವಾಡಕ್ಕೆ ಸಂಚಾರಿ ಪೀಠ ಬರುವವರೆಗೆ ಈ ಭಾಗದ ಪ್ರತಿಯೊಂದು ಹೈಕೋರ್ಟ್ ವ್ಯಾಜ್ಯಕ್ಕೂ ರಾತ್ರಿ ಬಸ್ಸು ಹಿಡಿದು ಬೆಂಗಳೂರಿಗೆ ಹೋಗಬೇಕಿತ್ತು. ನಾಲ್ಕುನೂರು ಕಿಲೋಮೀಟರ್ ದೂರದ ಕೋರ್ಟು, ಮಗುವನ್ನು ಕಂಕುಳಲ್ಲಿಟ್ಟುಕೊಂಡವಳಿಗೆ ಇದ್ದೂ ಇಲ್ಲದಂತೆ. ‘ಅಪೀಲಿಗೆ ಹೋಗ್ತೀನಿ’ ಎಂಬ ಒಂದು ಬೆದರಿಕೆಯೇ ಎಷ್ಟೋ ರಾಜಿಗಳನ್ನು ಗಂಡನ ಕಡೆಗೆ ವಾಲಿಸಿತು. 2013ರಲ್ಲಿ ಪೀಠ ಕಾಯಂ ಆಯಿತು. 2023ರ ಜೂನ್‌ನಿಂದ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ. ಉಚಿತ ಬಸ್ಸನ್ನು ಹಾಸ್ಯ ಮಾಡುವವರು ತಾರೀಕಿನ ದಿನ ಕೌಟುಂಬಿಕ ನ್ಯಾಯಾಲಯದ ಮೆಟ್ಟಿಲ ಮೇಲೆ ಒಂದು ಗಂಟೆ ನಿಲ್ಲಲಿ. ಬಸ್ ಚಾರ್ಜು ಹೊಂದದೆ ತಾರೀಕು ತಪ್ಪಿಸಿಕೊಂಡವರು ಒಂದು ಕಾಲಕ್ಕೆ ಅಲ್ಲಿ ಎಷ್ಟು ಮಂದಿ ಇದ್ದರೆಂದು ವಕೀಲರನ್ನೇ ಕೇಳಲಿ.

ಇನ್ನು 2019ರ ಕಾಯ್ದೆ. ಒಂದೇ ಉಸಿರಿನ ತಲಾಕನ್ನು ಸುಪ್ರೀಮ್ ಕೋರ್ಟು 2017ರ ಆಗಸ್ಟ್‌ನಲ್ಲೇ ಅಸಿಂಧುವೆಂದಿತ್ತು. ಅದರ ಅಗತ್ಯವೂ ಇತ್ತು. ಕುರ್‌ಆನ್ ವಿಧಿಸಿದ ಕಾಲಾವಕಾಶ, ಎರಡೂ ಕಡೆಯ ಮಧ್ಯಸ್ಥಿಕೆ ಎಲ್ಲವನ್ನೂ ಗಾಳಿಗೆ ತೂರಿದ ಆ ಪದ್ಧತಿಯನ್ನು ಸಮರ್ಥಿಸಿಕೊಂಡು ಬಂದದ್ದು ನಮ್ಮ ತಪ್ಪು. ಆದರೆ 2019ರಲ್ಲಿ ಸಂಸತ್ತು ಅದಕ್ಕೆ ಮೂರು ವರ್ಷದವರೆಗಿನ ಜೈಲು ಜೋಡಿಸಿತು. ಈಗ ಲೆಕ್ಕ ಏನಾಯಿತು ನೋಡಿ. ಮೂರು ಸಲ ಹೇಳಿದರೆ ಜೈಲು. ಏನೂ ಹೇಳದೆ ಗೋವಾದ ಬಸ್ಸು ಹತ್ತಿದರೆ? ಹೆಂಡತಿ ಜೀವನಾಂಶಕ್ಕೆ ಕೋರ್ಟು ಹತ್ತುವವರೆಗೆ ಏನೂ ಇಲ್ಲ. ಮಾತಿಗೆ ಬೆಲೆ ಕಟ್ಟಿದ ಕಾನೂನು ಮೌನವನ್ನು ಪುಕ್ಕಟೆಯಾಗಿ ಬಿಟ್ಟಿತು. ಮುಅಲ್ಲಕಾಗಳನ್ನು ಹುಟ್ಟಿಸಬೇಕೆಂದು ಯಾರೂ ಬಯಸಿರಲಿಕ್ಕಿಲ್ಲ. ಆದರೆ ಗಂಡಸು ಯಾವ ದಾರಿ ಅಗ್ಗವೋ ಅದನ್ನು ಹಿಡಿಯುತ್ತಾನೆಂಬುದನ್ನು ಅರಿಯದೆ ಕಾನೂನು ಬರೆಯಬಾರದು.

ಇಲ್ಲಿ ಒಬ್ಬ ಪ್ರಾಮಾಣಿಕ ಓದುಗರು ಎದ್ದು ಕೇಳಬಹುದು: ಹಾಗಾದರೆ ಬಿಡುಗಡೆ ಎಲ್ಲರಿಗೂ ಅಗ್ಗವಾಗಬೇಕೆಂದು ನಿಮ್ಮ ವಾದವೇ? ಸಣ್ಣ ಜಗಳಕ್ಕೆಲ್ಲ ಮನೆ ಒಡೆದರೆ ಮಕ್ಕಳ ಗತಿಯೇನು? ಬಿಡುಗಡೆ ದುಬಾರಿಯಾಗಿದ್ದರಿಂದಲೇ ಅಲ್ಲವೇ ನಮ್ಮ ತಂದೆತಾಯಿ ತಾಳಿಕೊಂಡು ಬಾಳಿದ್ದು? ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಸ್ವಲ್ಪ ತಡೆ ಇದ್ದಾಗ ಸಿಟ್ಟು ಇಳಿಯಲು ಸಮಯ ಸಿಗುತ್ತದೆ. ಇದ್ದತ್‌ನ ತಿಂಗಳುಗಳ ಹಿಂದೆಯೂ, ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಹಿಂದೂ ವಿವಾಹ ಕಾಯ್ದೆ ಇಟ್ಟ ಆರು ತಿಂಗಳ ಹಿಂದೆಯೂ ಇರುವುದು ಇದೇ ತಿಳುವಳಿಕೆ. ಆದರೆ ಬರಿಯ ಬೆಲೆ ಏರಿಸುವುದರಿಂದ ಏನಾಗುತ್ತದೆಂದು ಇರಾನನ್ನು ನೋಡಿ ಕಲಿಯಬಹುದು. ಅಲ್ಲಿ ತಲಾಕ್ ತಡೆಯಲೆಂದು ಮಹ್ರ್ ಅನ್ನು ನೂರಾರು ಚಿನ್ನದ ನಾಣ್ಯಗಳಿಗೆ ಏರಿಸಿದರು. ಕೊಡಲಾಗದ ಗಂಡಂದಿರು ಜೈಲು ಸೇರಿದರು. ಕೊನೆಗೆ 110 ನಾಣ್ಯಗಳಾಚೆಗಿನ ಬಾಕಿಗೆ ಜೈಲನ್ನು ಸಡಿಲಿಸುವ ಕಾನೂನು ಮಾಡಬೇಕಾಯಿತು. ಇತ್ತ ಬಿಡುಗಡೆ ಬಯಸುವ ಹೆಣ್ಣು, ಗಂಡನ ಒಪ್ಪಿಗೆ ಕೊಳ್ಳಲು ಅದೇ ಮಹ್ರ್ ಬಿಟ್ಟುಕೊಡತೊಡಗಿದಳು. ರಕ್ಷಣೆಗೆಂದು ಕಟ್ಟಿದ ಹಣ ಒತ್ತೆಹಣವಾಯಿತು.

ಅಮೆರಿಕದ ಅನುಭವ ಇನ್ನೂ ಯೋಚಿಸುವಂಥದು. 1970ರಿಂದ ಕ್ಯಾಲಿಫೋರ್ನಿಯಾ ಮೊದಲ್ಗೊಂಡು ಒಂದೊಂದೇ ರಾಜ್ಯಗಳು ಇಬ್ಬರಲ್ಲಿ ಒಬ್ಬರು ಬಯಸಿದರೂ ವಿಚ್ಛೇದನ ಸಿಗುವಂತೆ ಮಾಡಿದವು. ಬೆಟ್ಸಿ ಸ್ಟೀವನ್ಸನ್ ಮತ್ತು ಜಸ್ಟಿನ್ ವುಲ್ಫರ್ಸ್ ಎಂಬ ಅರ್ಥಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಆ ರಾಜ್ಯಗಳಲ್ಲಿ ಹೆಂಗಸರ ಆತ್ಮಹತ್ಯೆ ಮತ್ತು ಮನೆಯೊಳಗಿನ ಹಿಂಸೆ ಇಳಿದವು. ಬಿಟ್ಟು ಹೋದವರು ಮಾತ್ರವಲ್ಲ, ಬಿಟ್ಟು ಹೋಗಬಲ್ಲಳು ಎಂಬ ಅರಿವಿನಿಂದಲೇ ಕೈ ತಡೆದ ಗಂಡಂದಿರೂ ಆ ಲೆಕ್ಕದಲ್ಲಿದ್ದಾರು. ಆದರೆ ಸ್ಟೀವನ್ಸನ್‌ರ ಮರುವರ್ಷದ ಅಧ್ಯಯನ ಇನ್ನೊಂದು ಮುಖ ತೋರಿಸಿತು. ಅಂಥ ರಾಜ್ಯಗಳ ಹೊಸ ದಂಪತಿಗಳಲ್ಲಿ ಒಬ್ಬರ ಓದಿಗಾಗಿ ಇನ್ನೊಬ್ಬರು ದುಡಿಯುವುದು ಕಡಿಮೆಯಾಯಿತು, ಮದುವೆಯ ಮೊದಲ ವರ್ಷಗಳಲ್ಲಿ ಮಕ್ಕಳೂ ಕಡಿಮೆ. ನಾಳೆ ಇರುತ್ತಾನೋ ಇಲ್ಲವೋ ಎಂಬ ಮನೆಯಲ್ಲಿ ಯಾರೂ ಆಳಕ್ಕೆ ಬೇರು ಬಿಡುವುದಿಲ್ಲ. ಎರಡೂ ಸತ್ಯ. ಬಾಗಿಲು ಪೂರ್ತಿ ಮುಚ್ಚಿದರೂ ಕಷ್ಟ, ಸದಾ ಹಾರುಹೊಡೆದಿದ್ದರೂ ಕಷ್ಟ.

ಆದ್ದರಿಂದ ಬಿಡುಗಡೆ ಅಗ್ಗವೋ ದುಬಾರಿಯೋ ಎಂಬುದಕ್ಕಿಂತ, ಅದು ಯಾರಿಗೆ ಅಗ್ಗ, ಯಾರಿಗೆ ದುಬಾರಿ ಎಂಬುದೇ ನಮಗೆ ಮುಖ್ಯವೆನಿಸುತ್ತದೆ. ಒಬ್ಬರಿಗೆ ಐದು ಸಾವಿರದ ಒಂದು, ಇನ್ನೊಬ್ಬರಿಗೆ ಇಡೀ ಆಯುಷ್ಯ ಎಂದಾದಾಗ ಅಲ್ಲಿ ಕಾಣುವ ಹೊಂದಾಣಿಕೆಯನ್ನು ಹೊಂದಾಣಿಕೆ ಎನ್ನಲಾಗದು. ಬೆಲೆ ಕಟ್ಟಬೇಕಾದುದು ಬಿಡುವುದಕ್ಕಲ್ಲ, ಹೊಣೆ ತೀರಿಸದೆ ಬಿಡುವುದಕ್ಕೆ. ಈ ಮಾತು ಹೆಣ್ಣಿನ ಕಡೆಯವರಿಗೂ ಅನ್ವಯಿಸುತ್ತದೆ. 2024ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಯುವ ಇಂಜಿನಿಯರೊಬ್ಬರು ಹೆಂಡತಿಯ ಕಡೆಯವರ ಮೇಲೆ ಆರೋಪಗಳನ್ನು ಬರೆದಿಟ್ಟು ಪ್ರಾಣ ಕಳೆದುಕೊಂಡಾಗ ದೇಶವೆಲ್ಲ ಮಾತಾಡಿತು. ಆರೋಪಗಳ ಸತ್ಯಾಸತ್ಯ ಕೋರ್ಟಿಗೆ ಬಿಟ್ಟದ್ದು. ಆದರೆ ಕೇಸಿನ ಮೇಲೆ ಕೇಸು ಹೂಡಿ ಇನ್ನೊಬ್ಬರ ಬಿಡುಗಡೆಯನ್ನು ಒತ್ತೆ ಇಟ್ಟುಕೊಳ್ಳುವುದು ಗಂಡಸು ಮಾಡಿದರೂ ಹೆಂಗಸು ಮಾಡಿದರೂ ತೂಗುಹಾಕುವುದೇ. ಇಬ್ಬರ ಆದಾಯ, ಆಸ್ತಿಯ ಪ್ರಮಾಣಪತ್ರವನ್ನು ಮೊದಲೇ ಸಲ್ಲಿಸಬೇಕು, ಅರ್ಜಿಯ ದಿನದಿಂದಲೇ ಜೀವನಾಂಶ ಎಣಿಸಬೇಕು ಎಂದು 2020ರಲ್ಲಿ ಸುಪ್ರೀಮ್ ಕೋರ್ಟು ಹೇಳಿದ್ದನ್ನು ನೆಟ್ಟಗೆ ಪಾಲಿಸಿದರೆ ಎರಡೂ ಕಡೆಯ ಆಟಗಳು ಅರ್ಧಕ್ಕರ್ಧ ಇಳಿದಾವು.

ಹೀಗೆ ಎಲ್ಲವನ್ನೂ ಲೆಕ್ಕ ಹಾಕಿದರೆ ದಾಂಪತ್ಯದ ಪ್ರೀತಿ ಉಳಿದೀತೇ ಎಂಬುದು ಇನ್ನೊಂದು ಆಕ್ಷೇಪ. ಕುರ್‌ಆನಿನ ಅತಿ ದೀರ್ಘ ಸೂಕ್ತವಿರುವುದು ಸಾಲದ ಲೆಕ್ಕ ಬರೆದಿಡುವ ಬಗ್ಗೆ. ಚಿಕ್ಕದಿರಲಿ ದೊಡ್ಡದಿರಲಿ, ಬರೆಯಲು ಬೇಸರಿಸಬಾರದೆಂದು ಅದು ಹೇಳುತ್ತದೆ. ಇದರಿಂದ ವ್ಯಾಪಾರಿಗಳ ನಡುವಣ ವಿಶ್ವಾಸ ಕೆಟ್ಟಿತೆಂದು ಯಾರೂ ದೂರಿಲ್ಲ. ನಿಕಾಹ್‌ನ ವಿಷಯದಲ್ಲೂ ಹಾಗೆಯೇ. ರಾಶಿ ಬಂಗಾರ ಕೊಟ್ಟಿದ್ದರೂ ಬಿಡುವಾಗ ಅದರಿಂದ ಏನನ್ನೂ ಹಿಂದೆ ಪಡೆಯಬಾರದು ಎನ್ನುವ ಸೂಕ್ತದ ಬೆನ್ನಿಗೇ, ಮದುವೆಯನ್ನು ಗಟ್ಟಿಯಾದ ಪ್ರತಿಜ್ಞೆಯೆಂದು ಕರೆಯುವ ಸೂಕ್ತ ಬರುತ್ತದೆ. ಹಣ ಮತ್ತು ಪ್ರತಿಜ್ಞೆ ಅಲ್ಲಿ ಅಕ್ಕಪಕ್ಕದಲ್ಲಿವೆ. ಅಪಶಕುನವೆಂದು ಬೇರೆ ಮಾಡಿದ್ದು ನಾವು. ಸಾಬಿತ್ ಬಿನ್ ಕೈಸ್‌ರ ಪತ್ನಿ ಪ್ರವಾದಿ(ಸ)ಯವರ ಬಳಿಗೆ ಬಂದದ್ದು ನೆನಪಿಸಿಕೊಳ್ಳಿ. ಗಂಡನ ನಡತೆಯಲ್ಲಾಗಲಿ ಧರ್ಮನಿಷ್ಠೆಯಲ್ಲಾಗಲಿ ದೋಷವಿಲ್ಲ, ಆದರೆ ಅವರೊಂದಿಗೆ ಬಾಳಲಾರೆ ಎಂದರು. ಮಹ್ರ್ ಆಗಿ ಬಂದಿದ್ದ ತೋಟವನ್ನು ಮರಳಿಸಿ ಬಿಡುಗಡೆ ಪಡೆದರು. ತೋಟ ಅವರ ಕೈಯಲ್ಲಿತ್ತು, ಆದ್ದರಿಂದ ಮರಳಿಸಿದರು. ಹಳೇ ಹುಬ್ಬಳ್ಳಿಯ ಆಪಾ ಏನನ್ನು ಮರಳಿಸಬೇಕು? ಅಲ್ಲದೆ, ತಪ್ಪು ಗಂಡನದಿದ್ದಾಗ ಆಕೆಯಿಂದ ಎರಡು ತೊಲೆ ಕೇಳುವುದನ್ನು ಖುಲಾ ಎನ್ನಬಹುದೇ?

ಇದಕ್ಕೆ ಉತ್ತರಿಸಬೇಕಾದವರು ಜಮಾಅತ್‌ನವರು. ಜಮಾಅತ್‌ನ ಪಂಚಾಯತಿ ಕೋರ್ಟಿಗಿಂತ ಹತ್ತಿರ, ಅಗ್ಗ, ಬೇಗ. ಬಡವರಿಗೆ ಅದು ದೊಡ್ಡ ಅನುಕೂಲ. ಆದರೆ ಅಲ್ಲಿ ಕುಳಿತವರೆಲ್ಲ ಗಂಡಸರು. ವೃತ್ತಿಯಿಂದ ವಕೀಲರೂ ಆದ ಬಾನು ಮುಷ್ತಾಕ್ ತಮ್ಮ ‘ಕರಿ ನಾಗರಗಳು’ ಕಥೆಯಲ್ಲಿ ಬಿಟ್ಟುಹೋದ ಗಂಡನ ವಿರುದ್ಧ ಮುತವಲ್ಲಿಯ ಬಾಗಿಲಲ್ಲಿ ಕಾದು ಕುಳಿತ ತಾಯಿಯನ್ನು ಚಿತ್ರಿಸಿದರು. ಗಿರೀಶ್ ಕಾಸರವಳ್ಳಿಯವರು 2004ರಲ್ಲಿ ಅದನ್ನು ‘ಹಸೀನಾ’ ಚಿತ್ರ ಮಾಡಿದರು. ಅದನ್ನು ನೋಡಿ ಸಿಟ್ಟಾದವರನ್ನು ನಾವು ಬಲ್ಲೆವು. ತಮ್ಮೂರಿನ ಮುತವಲ್ಲಿಯನ್ನು ಹೋಗಿ ಕೇಳಿದವರನ್ನು ಮಾತ್ರ ಕಾಣೆವು. 2005ರಲ್ಲಿ ಮುಸ್ಲಿಮ್ ವೈಯಕ್ತಿಕ ಕಾನೂನು ಮಂಡಳಿ ಮಾದರಿ ನಿಕಾಹ್‌ನಾಮಾ ಹೊರತಂದಿತು. ನಿಕಾಹ್‌ನಾಮಾದಲ್ಲೇ ಷರತ್ತು ಬರೆಸಿ, ಇಂತಿಂಥ ಸಂದರ್ಭದಲ್ಲಿ ತಲಾಕ್‌ನ ಅಧಿಕಾರ ಹೆಂಡತಿಗೂ ಇರುತ್ತದೆಂದು ಒಪ್ಪಿಕೊಳ್ಳುವ ತಫ್ವೀಝ್ ಪದ್ಧತಿ ಹನಫಿ ಫಿಕ್‌ಹ್‌ನಲ್ಲೇ ಇದೆ. ಹುಬ್ಬಳ್ಳಿಯ ಎಷ್ಟು ನಿಕಾಹ್‌ಗಳಲ್ಲಿ ಕಾಜಿಯವರು ಅದನ್ನು ವಧುವಿಗೆ ವಿವರಿಸಿ ಹೇಳಿದ್ದಾರೆ?

ಹಳೇ ಹುಬ್ಬಳ್ಳಿಯ ಆಪಾರ ಮಗಳಿಗೆ ಈಗ ಸಂಬಂಧ ಬಂದಿದೆ. ಹುಡುಗ ಗದಗ ರಸ್ತೆಯ ಕಡೆಯವನು, ಎ.ಸಿ. ರಿಪೇರಿ ಕೆಲಸ. ಮಾತುಕತೆಗೆ ನಮ್ಮನ್ನೂ ಕರೆದಿದ್ದರು. ಜೋಡೆ ಬೇಡವೆಂದು ಹುಡುಗನ ತಂದೆಯೇ ಹೇಳಿದಾಗ ಎಲ್ಲರಿಗೂ ಸಂತೋಷವಾಯಿತು. ಆಗ ಪರದೆಯ ಹಿಂದಿನಿಂದ ಆಪಾ ಮಾತಾಡಿದರು. ಮಹ್ರ್ ಬಂಗಾರದಲ್ಲಿರಲಿ, ಎಲ್ಲವನ್ನೂ ಅವತ್ತೇ ಹುಡುಗಿಯ ಕೈಗೆ ಕೊಡಲಿ, ಎರಡು ವರ್ಷ ಖರ್ಚಿಗೆ ಕೊಡದೆ ಬಿಟ್ಟುಹೋದರೆ ತಲಾಕ್‌ನ ಅಧಿಕಾರ ಹುಡುಗಿಗಿರಲಿ, ಅದನ್ನು ದಫ್ತರದಲ್ಲಿ ಬರೆಯಲಿ. ಕೋಣೆಯಲ್ಲಿ ಸ್ವಲ್ಪ ಹೊತ್ತು ಫ್ಯಾನಿನ ಸದ್ದು ಮಾತ್ರ ಕೇಳಿಸಿತು. ಹುಡುಗನ ಸೋದರಮಾವ, "ನಮ್ಮ ಹುಡುಗನ ಮ್ಯಾಲ ಇಷ್ಟೂ ಭರೋಸಾ ಇಲ್ಲೇನ್ರಿ?" ಎಂದರು. "ಭರೋಸಾ ಐತಿ ಅಂತನ ಮಗಳನ್ನ ಕೊಡಾಕತ್ತೀನ್ರಿ" ಎಂದರು ಆಪಾ. ಹುಡುಗ ತಲೆ ತಗ್ಗಿಸಿಕೊಂಡೇ ಇದ್ದ. ಅವನ ತಾಯಿ ಒಳಗೆ ಹೋಗಿ ಆಪಾರ ಪಕ್ಕ ಕುಳಿತರು. ಏನು ಮಾತಾಡಿದರೋ ನಮಗೆ ಕೇಳಿಸಲಿಲ್ಲ. ಕಾಜಿಯವರನ್ನು ವಿಚಾರಿಸಿ ಹೇಳುವುದಾಗಿ ಅವರು ಹೊರಟರು. ಬರುವ ಜುಮಾ ಮುಗಿದ ಮೇಲೆ ಮತ್ತೆ ಕೂಡುವುದೆಂದು ಗೊತ್ತಾಗಿದೆ.